ಸಮುದ್ರ ದಾಟಿದ ಉಡಿ

ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಎದುರಿಗೆ ಕುಳಿತು ನಾನೂ ಬಿಡಿಸುತ್ತಿದ್ದೆ. ನಡುವೆ ಹಾಸಿದ ಗೋಣಿಚೀಲದ ಮೇಲೆ ಎರಡು ಕಿಲೋ ಡಬ್ಬಿ ಜಾತಿಯ ಕಾಯಿ ಇತ್ತು. ಬ್ಯಾಡಗಿಯಲ್ಲಿ ಈ ಕೆಲಸಕ್ಕೆ ಕುಳಿತ ಹೆಂಗಸರ ಬಾಯಿ ಕೈಗಿಂತ ಜೋರಾಗಿ ಓಡುತ್ತದೆ. ಅವ್ವ ಮಾತ್ರ ಒಂದು ತಾಸಿನಿಂದ ಒಂದು ಮಾತೂ ಆಡಿರಲಿಲ್ಲ. ಸೀನು ಬಂದರೆ ಮುಖ ತಿರುಗಿಸಿ ಸೆರಗಿನಲ್ಲಿ ಸೀನಿ, ಮತ್ತೆ ಕಾಯಿಗೆ ಕೈ ಹಾಕುತ್ತಿದ್ದಳು.

ಈ ಕಾಯಿ ರಾಣೆಬೆನ್ನೂರಿಗೆ ಹೋಗಬೇಕಿತ್ತು, ಐಶ್ವರ್ಯ ಅಕ್ಕನ ಅತ್ತೆ ಹೊಳಿಯವ್ವನ ಮನೆಗೆ. ಅಲ್ಲಿ ಪುಡಿಯಾಗಿ, ಹೊಳಿಯವ್ವನ ಸೂಟಕೇಸು ಸೇರಿ, ಮುಂದಿನ ತಿಂಗಳು ನ್ಯೂಜಿಲೆಂಡಿಗೆ ಹೋಗಬೇಕಿತ್ತು. ಅಲ್ಲಿಯ ವಿಮಾನ ನಿಲ್ದಾಣದ ಕಸದ ಡಬ್ಬಿಯನ್ನು ಅದು ದಾಟುವುದಿಲ್ಲ ಎಂದು ಅವ್ವನಿಗೆ ಗೊತ್ತಿತ್ತು. ಮನೆಯಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರಿಗೂ ಇದು ಗೊತ್ತಿರಲಿಲ್ಲ.

ಹೊಸ್ತಿಲಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ ನಮ್ಮ ಆಯಿ, ಅಪ್ಪನ ತಾಯಿ ಫಕ್ಕೀರವ್ವ, ತಡೆಯಲಾರದೆ ಅಂದಳು:

"ಏನ ಪ್ರೇಮಾ, ಪರದೇಶಕ್ಕ ಹೋಗಿ ಬಂದು ಮೂಕಿ ಆದೇನು? ಅಲ್ಲೆ ಮಾತಿಗೂ ತೆರಿಗಿ ಹಾಕ್ತಾರೋ ಹೆಂಗ?"

ಅವ್ವ ಇನ್ನೊಂದು ಕಾಯಿಯ ತೊಟ್ಟು ಮುರಿದಳು.

"ಸುರೇಖಾ, ನಿಮ್ಮವ್ವನ ಮೊರದಾಗ ನೋಡು. ತೊಟ್ಟಿನ ಸಂಗಟ ಕಾಯಿನೂ ಹಾಕಾಕತ್ತಾಳ."

ಹೌದು, ಹಾಕುತ್ತಿದ್ದಳು. ನಾನು ಸುಮ್ಮನೆ ಆರಿಸಿ ತೆಗೆದೆ.

ಅಕ್ಕನ ಗಂಡ ವಿಜಯಮಹಾಂತೇಶ ಮಾಮಾ ಮೊದಲು ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಯಂತ್ರದ ಕೆಲಸ ಮಾಡುತ್ತಿದ್ದ. ಅದೇ ಅನುಭವದ ಮೇಲೆ ಎರಡು ವರ್ಷದ ಹಿಂದೆ ನ್ಯೂಜಿಲೆಂಡಿನ ಒಂದು ಕಾಗದದ ಕಾರ್ಖಾನೆಗೆ ಹೋದ. ಆಮೇಲೆ ಅಕ್ಕನೂ ಹೋದಳು. ಅವಳಿಗೆ ದಿನ ತುಂಬುತ್ತ ಬಂದಾಗ ರಕ್ತದೊತ್ತಡ ಹೆಚ್ಚಾಗಿ ಡಾಕ್ಟರು ವಿಮಾನ ಹತ್ತಬೇಡ ಅಂದರು. ತವರಿಗೆ ಅವಳು ಬರಲಾಗದ್ದಕ್ಕೆ ಬಾಣಂತನಕ್ಕೆ ಅವ್ವನೇ ಹೋದಳು. ಅಕ್ಟೋಬರಿನಲ್ಲಿ ಹೋದವಳು ಜನವರಿ ಕೊನೆಗೆ ಬಂದಳು. ಗಂಡು ಕೂಸು, ಚೆನ್ನಾಗಿತ್ತು. ಈಗ ಹೊಳಿಯವ್ವನ ಪಾಳಿ.

ಅವ್ವ ಬಂದ ನಾಲ್ಕನೆಯ ದಿನ ಅವಳ ಕೈಚೀಲ ತೊಳೆಯಲೆಂದು ಕೊಡವಿದಾಗ ಒಂದು ಕಾಗದ ಬಿತ್ತು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆ, ಅರ್ಥ ಆಗುವುದಿಲ್ಲ. ಅವ್ವನ ಹೆಸರು ಓದಿದೆ. ಕೆಳಗೆ ಇನ್ನೂರು ಎಂಬ ಅಂಕಿ, ಅದರ ಹಿಂದೆ ಡಾಲರಿನ ಗುರುತು. ಕೆಳಗಿನ ಸಾಲಿನಲ್ಲಿ ಅವ್ವ ಕಷ್ಟಪಟ್ಟು ಮಾಡಿದ ಸಹಿ.

"ಇದೇನವ್ವಾ?" ಅಂದೆ.

ಅವಳು ಕಾಗದ ಕಸಿದು ಕುಪ್ಪಸದಲ್ಲಿ ಇಟ್ಟುಕೊಂಡಳು. ಮಧ್ಯಾಹ್ನ, ಆಯಿ ಮಲಗಿದ ಮೇಲೆ, ಹಿತ್ತಲಲ್ಲಿ ಬಟ್ಟೆ ಹಿಂಡುತ್ತ ತಾನೇ ಶುರು ಮಾಡಿದಳು.

"ವಿಮಾನದಾಗ ಒಂದು ಚೀಟಿ ಕೊಟ್ರು. ನನಗೇನ ಓದಾಕ ಬರ್ತೈತಿ? ಬಾಜೂಕ ಒಬ್ಬಾಕಿ ಗುಜರಾತಿ ಹುಡಿಗಿ ಕುಂತಿದ್ಲು, ಅಕಿನ ತುಂಬಿದ್ಲು. ತಿನ್ನೂದು ಏನರ ಐತೇನು ಅಂತ ಹಿಂದ್ಯಾಗ ಕೇಳಿದ್ಲು. ಇಲ್ಲ ಅಂದ್ನಿ. ಖರೇನ ಇರಲಿಲ್ಲಲ್ಲ? ನಿಮ್ಮ ಮಾಮಾ ಹತ್ತ ಸಲ ಹೇಳಿದ್ದ, ತಿನ್ನೂದು ತರಬ್ಯಾಡ್ರಿ ಅತ್ತಿ ಅಂತ. ಬಾಣಂತಿಗಂತ ಅಂಟಿನ ಉಂಡಿ ಕಟ್ಟಿದ್ದು ಇಲ್ಲೇ ಬಿಟ್ಟು ಹೋದ್ನಿ."

"ನಾವ ತಿಂದ್ವಿ."

"ನೀವ ತಿಂದ್ರಿ. ಚಟ್ನಿ ಪುಡಿ ಬಿಟ್ನಿ, ರೊಟ್ಟಿ ಬಿಟ್ನಿ. ಶುಂಠಿ ಸೈತ ಬಿಟ್ನಿ."

"ಹಂಗಾರ ಏನ ಸಿಕ್ತು?"

"ಉಡಿ," ಅಂದಳು ಅವ್ವ.

ಅಕ್ಕನ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಮಡಿಲು ತುಂಬುವ ಉಡಿ. ಸೊಸೆ ದೂರ ಇದ್ದದ್ದಕ್ಕೆ ಹೊಳಿಯವ್ವ ಅದನ್ನು ಹಸಿರು ಖಣದ ಬಟ್ಟೆಯಲ್ಲಿ ಕಟ್ಟಿ ಅವ್ವನ ಕೈಗೆ ಕೊಟ್ಟಿದ್ದಳು. ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣ ಬೇರು, ಬೆಲ್ಲದ ತುಣುಕು. ಚಪ್ಪಲಿ ಇರುವ ಸೂಟಕೇಸಿನಲ್ಲಿ ಹಾಕಬೇಡಿ, ಕೆಳಗೆ ಇಡಬೇಡಿ, ನಡುವಿಗೆ ಕಟ್ಟಿಕೊಂಡೇ ಹೋಗಿ ಅಂದಿದ್ದಳು. ಅವ್ವ ಹಾಗೇ ಮಾಡಿದ್ದಳು. ಎರಡು ವಿಮಾನ ಬದಲಾಯಿಸಿದರೂ ಗಂಟು ಸಡಿಲಿಸಿರಲಿಲ್ಲ.

"ಇಳಿದ ಮ್ಯಾಲ ಅಲ್ಲೊಂದು ಸಣ್ಣ ನಾಯಿ ಬಂತು. ಮೈಮ್ಯಾಲ ಅಂಗಿ ಹಾಕಿದ್ರು ಅದಕ್ಕ. ನನ್ನ ಮೂಸಿ ಮುಂದ ಕುಂತುಬಿಡ್ತು. ಎಷ್ಟ ಛಲೋ ನಾಯಿ ಅಂತ ನಾ ನಕ್ಕೊಂತ ನಿಂತೇನಿ. ಒಬ್ಬಾಕಿ ಕೈಗವಸು ಹಾಕಿದಾಕಿ ಬಂದು ನನ್ನ ಬಾಜೂಕ ಕರ್ಕೊಂಡು ಹೋಗಿ ಗಂಟು ಬಿಚ್ಚಿಸಿದ್ಲು. ಫೋನಿನ್ಯಾಗ ಹಿಂದಿ ಮಾತಾಡಾಕಿನ್ನ ಹಿಡಿದು ಕೊಟ್ರು. ಯಾಕ ಇಲ್ಲ ಅಂತ ಬರಿಸಿದ್ರಿ ಅಂದ್ಲು. ಇದು ತಿನ್ನೂದಲ್ಲ, ಉಡಿ ಅಂದ್ನಿ. ಉಡಿ ಅಂದ್ರೇನು ಅಂದ್ಲು. ಹೆಂಗ ಹೇಳೂದು? ಮುತ್ತೈದಿಗೆ ಕೊಡೂದು ಅಂದ್ನಿ. ಅದರಾಗ ಇರೂದು ಅಕ್ಕಿ ಹೌದಲ್ಲೋ ಅಂದ್ಲು. ಹೌದು. ಅಕ್ಕಿ ತಿಂತೀರೇನು? ತಿಂತೇವಿ ಅಂದ್ನಿ. ಅಷ್ಟ, ಮುಗೀತು."

ಹೊರಗೆ ಕಾಯುತ್ತಿದ್ದ ಮಾಮಾನನ್ನು ಕರೆಸಿ ಇನ್ನೂರು ಡಾಲರ್ ದಂಡ ಕಟ್ಟಿಸಿಕೊಂಡರಂತೆ. ಖಾಲಿ ಖಣವನ್ನು ಮಡಿಚಿ ಅವ್ವನ ಕೈಗೆ ಕೊಟ್ಟರಂತೆ. ಮನೆ ಮೂರು ತಾಸಿನ ಹಾದಿ. ಮಾಮಾ ಕಾರಿನಲ್ಲಿ ಒಂದೇ ಮಾತು ಆಡಿದ್ದನಂತೆ: "ಅತ್ತಿ, ನೀರ ಕುಡೀತೀರೇನು?"

ಅಂದು ಸಂಜೆಯೇ ಹೊಳಿಯವ್ವನ ಫೋನು. ಉಡಿ ಅಕ್ಕಿ ಬೇಯಿಸಿದಿರಾ, ಹುಡುಗಿ ಉಂಡಳಾ. ಎದುರಿಗೆ ಅಕ್ಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಬೇಡ, ಹೇಳಬೇಡ ಎಂದು ತಲೆ ಅಲ್ಲಾಡಿಸಿದಳಂತೆ.

"ಹ್ಞೂಂರಿ ಬೀಗತ್ಯಾರ, ಹುಗ್ಗಿ ಮಾಡಿದ್ನಿ, ನಿಮ್ಮ ಸೊಸಿ ಬಟ್ಟಲ ನೆಕ್ಕಿದ್ಲು ಅಂದ್ನಿ." ಅವ್ವ ಹಿಂಡಿದ ಸೀರೆಯನ್ನೇ ಮತ್ತೆ ಹಿಂಡಿದಳು. "ಉಂಡ್ಲು ಅಂದಿದ್ರ ಸಾಕಿತ್ತು. ಬಟ್ಟಲ ನೆಕ್ಕಿದ್ಲು ಅಂತ ಯಾಕ ಅಂದ್ನೋ."

ಫೋನು ಕೈ ಬದಲಾಗಿ ಅಕ್ಕನೂ ಹೌದು ಅತ್ತೀ, ಉಂಡೆ ಅಂದಳಂತೆ.

ಸುಳ್ಳು ಅಲ್ಲಿಗೇ ನಿಂತಿದ್ದರೆ ತೊಂದರೆ ಇರಲಿಲ್ಲ. ಕೂಸು ಆರೋಗ್ಯವಾಗಿ ಹುಟ್ಟಿದ್ದೇ ಹೊಳಿಯವ್ವ ರಾಣೆಬೆನ್ನೂರಿನ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು: ನನ್ನ ಉಡಿ ಸಮುದ್ರ ದಾಟಿ ಹೋಯಿತು, ನನ್ನ ಮೊಮ್ಮಗನನ್ನು ಕಾಯ್ದಿತು. ಆಮೇಲೆ ತನ್ನ ಪ್ರಯಾಣ ಗೊತ್ತಾದಾಗ ಗಂಟು ಕಟ್ಟತೊಡಗಿದಳು. ಏನೂ ತರಬೇಡ ಎಂದು ಮಗ ಹೇಳಿದರೆ, "ನಿಮ್ಮತ್ತಿ ನಡುವಿಗೆ ಕಟ್ಕೊಂಡು ಬಂದಾಗ ಯಾರೂ ಕೇಳಲಿಲ್ಲ, ನಾ ತಂದ್ರ ಅಷ್ಟ ಕಾನೂನು ಬರ್ತೈತೇನು? ಹೆಂಡ್ತಿ ತವರಿಗೊಂದು, ನಿಮ್ಮವ್ವಗೊಂದು?" ಎಂದು ಫೋನು ಇಟ್ಟಳಂತೆ.

ಇದನ್ನು ಹೇಳಿದವನು ಮಾಮಾ. ಫೆಬ್ರುವರಿಯ ಎರಡನೆಯ ರವಿವಾರ ಮುಂಜಾನೆ ನಮ್ಮ ಮನೆಗೆ ಫೋನು ಮಾಡಿದ. ಅಪ್ಪ ಗೋಣಿಚೀಲದ ಅಂಗಡಿಗೆ ಹೋಗಿದ್ದ. ಆಯಿ ಮಠಕ್ಕೆ. ಅವ್ವ ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿಯುತ್ತಾಳೆ. ಹಾಗಾಗಿ ನನಗೂ ಕೇಳಿಸಿತು.

"ಅತ್ತಿ, ನೀವ ಹೇಳ್ರಿ. ಉಡಿ ಹಿಡಿದಿದ್ರು ಅಂತ ನೀವ ಹೇಳಿದ್ರ ಕೇಳ್ತಾಳ."

"ನೀವ ಹೇಳ್ರೆಲಾ ಅಳಿಯಂದ್ರ. ನಿಮ್ಮ ತಾಯಿ."

"ನಾ ಹೇಳಿದ್ರ ಅವ್ವ ಇಲ್ಲಿಗೆ ಸಿಟ್ಟು ಹೊತಗೊಂಡ ಬರ್ತಾಳ. ಐಶ್ವರ್ಯಾನೂ ಸುಳ್ಳ ಹೇಳ್ಯಾಳಲ್ರಿ? ಮುಂದ ನಾಲ್ಕ ತಿಂಗಳು ಎರಡು ಖೋಲಿ ಮನ್ಯಾಗ ಅತ್ತಿ ಸೊಸಿ ಇಬ್ರ ಇರಬೇಕು. ನಾ ಪಾಳಿಗೆ ಹೋದ್ರ ಹನ್ನೆರಡ ತಾಸು ಇರೂದಿಲ್ಲ. ಅಕಿ ಬಾಣಂತಿ ಇದ್ದಾಳ, ಇನ್ನೂ ಗುಳಗಿ ತೊಗೊಳ್ಳಾಕತ್ತಾಳ."

"ಮತ್ತ ಹೇಳಲಿಲ್ಲಂದ್ರ?"

"ಇನ್ನೊಮ್ಮೆ ಇದ ಮನಿ ವಿಳಾಸಕ್ಕ ದಂಡ ಬೀಳ್ತೈತಿ. ನಾವು ಇಲ್ಲೇ ಕಾಯಂ ಇರಾಕ ಅರ್ಜಿ ಹಾಕೇವಿ. ಅದಕ್ಕ ಧಕ್ಕಿ ಆಗ್ತೈತೋ ಇಲ್ಲೋ ನನಗೂ ಗೊತ್ತಿಲ್ಲ. ಆದ್ರ ಅಂಜಿಕಿ ಬಂದೈತಿ ನೋಡ್ರಿ, ನಿದ್ದಿ ಇಲ್ಲ."

ಫೋನು ಇಟ್ಟ ಮೇಲೆ ಅವ್ವ ಒಲೆಯ ಮುಂದೆ ಕುಳಿತಳು. ಆ ದಿನ ಬೇಳೆಗೆ ಎರಡು ಸಲ ಉಪ್ಪು ಬಿತ್ತು. ಮರುದಿನ ಉಪ್ಪೇ ಇಲ್ಲ. ತೊಳೆದಿಟ್ಟ ಕೊಡಗಳನ್ನು ಇಳಿಸಿ ಮತ್ತೆ ತೊಳೆದಳು. ಯಾರಾದರೂ ಬಾಗಿಲು ಬಡಿದರೆ ನನ್ನ ಮುಖ ನೋಡುತ್ತಿದ್ದಳು.

ನನಗೆ ಅಷ್ಟು ಜನರ ನಡುವೆ ಬಾಯಿ ಬಿಡುವ ಅಭ್ಯಾಸವಿಲ್ಲ. ಆದರೆ ಕೈಯಿಂದ ಏನಾದರೂ ಮಾಡಬಲ್ಲೆ. ಅವ್ವ ಮೀಯಲು ಹೋದಾಗ ದಂಡದ ಆ ಕಾಗದವನ್ನು ತೆಗೆದು ಅಣ್ಣ ಶಂಭುಲಿಂಗನ ಅಂಗಿಯ ಜೇಬಿನಲ್ಲಿಟ್ಟೆ. ಅವನು ಹಾವೇರಿಯಲ್ಲಿ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಇಂಗ್ಲಿಷ್ ಓದುತ್ತಾನೆ, ಬಾಜು ಅಂಗಡಿಯಲ್ಲಿ ಇಂಟರ್ನೆಟ್ ಇದೆ. "ಇದನ್ನ ಓದು, ಯಾರಿಗೂ ಹೇಳಬ್ಯಾಡ," ಅಂದೆ.

ಅವನು ಯಾರಿಗೂ ಹೇಳಲಿಲ್ಲ. ಆದರೆ ಸಂಜೆ ಊಟಕ್ಕೆ ಕುಳಿತಾಗ ಎಲ್ಲರ ಎದುರಿಗೆ ಆ ಕಾಗದವನ್ನೂ ಇಂಟರ್ನೆಟ್ಟಿನಿಂದ ತೆಗೆಸಿದ ಮೂರು ಹಾಳೆಗಳನ್ನೂ ತೆಗೆದು ಅವ್ವನ ಮುಂದೆ ಇಟ್ಟ.

"ಅವ್ವಾ, ಇಷ್ಟ ದೊಡ್ಡ ವಿಷಯ ಮುಚ್ಚಿಟ್ಟಿ ನೋಡು."

"ಏನದು?" ಅಂದ ಅಪ್ಪ.

ಅಣ್ಣ ಹೇಳಿದ. ಅವ್ವ ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. ನನ್ನ ಕೈಯಲ್ಲಿದ್ದ ರೊಟ್ಟಿ ಮುರಿಯಲೇ ಇಲ್ಲ.

ಅಪ್ಪನಿಗೆ ಮೊದಲು ಮುಟ್ಟಿದ್ದು ದಂಡ. "ಅಳಿಯಾನ ಕಡಿಂದ ದಂಡ ಕಟ್ಟಿಸಿ ಬಂದಿ? ನಾ ಯಾವ ಮುಖ ಇಟ್ಕೊಂಡು ಅವರ ಮನಿಗೆ ಹೋಗ್ಲಿ?"

ಆಯಿಗೆ ಮುಟ್ಟಿದ್ದು ಬೇರೆ. ತಾಟನ್ನು ಮುಂದೆ ಸರಿಸಿಬಿಟ್ಟಳು. "ಕುಬಸದ ಉಡಿನ್ನ? ಕಸದ ಡಬ್ಬ್ಯಾಗ?"

"ಡಬ್ಬಿ ಅಲ್ಲ ಆಯಿ, ಹಳದಿ ಚೀಲ ಅಂತ," ಅಂದ ಅಣ್ಣ. "ಸುಟ್ಟು ಹಾಕ್ತಾರ, ಇಲ್ಲಾ ಹೂಳ್ತಾರ. ಪರದೇಶದ ಹುಳಾ, ಬೀಜಾ, ರೋಗಾ ಅವರ ಹೊಲಕ್ಕ ಬರಬಾರದಂತ. ನಿನ್ನ ಎಲಿ ಅಡಿಕಿ ಸಂಚಿ ತೊಗೊಂಡು ಹೋಗಿದ್ರ ಆ ನಾಯಿ ಮೂರ್ಛಿ ಹೋಗ್ತಿತ್ತು."

"ನಗಬ್ಯಾಡ ಭಾಡ್ಯಾ. ಸುಡ್ತಾರಂತ ಉಡಿ!" ಆಯಿ ಅವ್ವನ ಕಡೆ ತಿರುಗಿದಳು. "ಹೇಳಬ್ಯಾಡ. ಆ ಹೊಳಿಯವ್ವನ ಮುಂದ ಸಾಯೂತನಕ ಬಾಯಿ ಬಿಡಬ್ಯಾಡ. ನಾಳೆ ಕೂಸಿಗೆ ನೆಗಡಿ ಬಂದ್ರೂ ನಿನ್ನ ಹೆಸರ ಬರ್ತೈತಿ."

"ಹೇಳಲಿಲ್ಲಂದ್ರ ಅವರೂ ಸಿಗ್ತಾರ," ಅಂದ ಅಣ್ಣ. "ಇಲ್ಲೆ ನೋಡ್ರಿ. ಒಯ್ಯೂದಕ್ಕ ದಂಡ ಇಲ್ಲ. ಇಲ್ಲ ಅನ್ನೂದಕ್ಕ ದಂಡ. ಚೀಟಿಯೊಳಗ ಒಂದು ಸಣ್ಣ ಚೌಕಾ ಇರ್ತೈತಿ. ಹೌದು ಅಂತ ಗುರುತ ಹಾಕಿ ತೋರಿಸಿದ್ರ, ಬೇಕಂದ್ರ ಬಿಡ್ತಾರ, ಬ್ಯಾಡಂದ್ರ ತೊಗೊಂತಾರ. ರೊಕ್ಕ ಕೇಳೂದಿಲ್ಲ."

"ಹಂಗಾರ ನಾನೂ ಹೌದು ಅಂದಿದ್ರ..." ಅಂದಳು ಅವ್ವ.

"ಅಂದಿದ್ರ ಏನೂ ಆಗ್ತಿರಲಿಲ್ಲ."

ಅವ್ವ ಎದ್ದು ಒಳಗೆ ಹೋದಳು. ಸಾರಿನ ಪಾತ್ರೆಯಲ್ಲಿ ಸೌಟು ಹಾಕಿ ಸುಮ್ಮನೆ ತಿರುವುತ್ತಿದ್ದ ಸದ್ದು ಕೇಳುತ್ತಿತ್ತು.

"ಅವರ ಮಗಾ, ಅವರ ಸೂಟಕೇಸು. ನಡುವ ನಾವ್ಯಾಕ?" ಅಂದ ಅಪ್ಪ.

"ಅಕ್ಕಾ?" ಅಂದೆ ನಾನು. ಊಟದ ಹೊತ್ತಿಗೆ ನಾನು ಮಾತಾಡುವುದು ಅಪರೂಪ. ಎಲ್ಲರೂ ತಿರುಗಿ ನೋಡಿದರು. "ಅಕ್ಕ ನಡುವ ಅದಾಳಲ್ಲ?"

ಅಪ್ಪ ಮಜ್ಜಿಗೆ ಕೇಳಿದ.

ಪಾತ್ರೆ ತಿಕ್ಕುವಾಗ ಅವ್ವ ನನ್ನ ಹತ್ತಿರ ಬಂದು ನಿಂತಳು. "ನಿನ್ನ ಒಬ್ಬಾಕಿನ್ನ ನಂಬಿ ಹೇಳಿದ್ನಿ," ಅಂದಳು. ಆಮೇಲೆ ನನ್ನ ಕೈಯಿಂದ ಬೂದಿಯ ಬಟ್ಟಲು ತೆಗೆದುಕೊಂಡು ತಾನೇ ತಿಕ್ಕಿದಳು. ಎರಡು ದಿನ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ.

ಮೂರನೆಯ ದಿನ ಕರೆದಳು. "ಸುರೇಖಾ, ಸೀರಿ ಉಟ್ಕೊ. ರಾಣೆಬೆನ್ನೂರಿಗೆ ಹೋಗೂಣು. ಕಾಯಿ ಕೊಟ್ಟು ಹೇಳೇ ಬರ್ತೇನಿ."

ಬಸ್ಸಿನಲ್ಲಿ ಅವ್ವ ಮಾತುಗಳನ್ನು ಜೋಡಿಸುತ್ತ ಕುಳಿತಿದ್ದಳು. ಮೋಟೆಬೆನ್ನೂರು ದಾಟುವಾಗ, "ಮೊದಲ ಕೂಸಿನ ಮಾತು ಎತ್ತಲೋ, ನೇರ ಹೇಳಲೋ?" ಅಂದಳು. ನೇರ ಹೇಳು ಅಂದೆ. "ಹ್ಞೂಂ," ಅಂದು ಮೆಣಸಿನಕಾಯಿಯ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಹೊಳಿಯವ್ವನ ಮನೆ ಮದುವೆಯ ಮನೆಯ ಹಾಗಿತ್ತು. ಪಡಸಾಲೆಯಲ್ಲಿ ಓಣಿಯ ನಾಲ್ಕು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಗೋಡೆಯ ಪಕ್ಕ ಖಡಕ್ ರೊಟ್ಟಿಯ ಎರಡು ಕಂಬಗಳೇ ಎದ್ದಿದ್ದವು. ಅಗಸಿ ಚಟ್ನಿ, ಶೇಂಗಾ ಚಟ್ನಿ, ಗುರೆಳ್ಳಿನ ಚಟ್ನಿ ಒಂದೊಂದು ಪಾಕೀಟು. ಒಣಗಿಸಿದ ಬೇವಿನ ಎಲೆ, ಕೂಸಿನ ಸ್ನಾನದ ನೀರಿಗೆ. ಮಾಮಾನ ತಮ್ಮ ಯುವರಾಜ ತನ್ನ ಸಿಮೆಂಟ್ ಅಂಗಡಿಯ ತೂಗುವ ಕಾಟಾ ತಂದು ಸೂಟಕೇಸನ್ನು ನೇತುಹಾಕಿ ನೋಡುತ್ತಿದ್ದ.

"ಇಪ್ಪತ್ತೆರಡು ಕಿಲೋ ಆತವ್ವ. ಇನ್ನ ನಿನ್ನ ಸೀರಿ ಎಲ್ಲಿ ಇಡೂದು?"

"ಸೀರಿ ಮೈಮ್ಯಾಲ ನಾಲ್ಕ ಉಟ್ಕೊಂಡು ಹೋಗ್ತೇನಿ. ಬರ್ರಿ ಬೀಗತ್ಯಾರ, ಬರ್ರಿ! ಏ ದ್ರಾಕ್ಷಾಯಿಣಿ, ಮಣಿ ಹಾಕು." ಹೊಳಿಯವ್ವ ಕಿರಿಯ ಸೊಸೆಯನ್ನು ಕೂಗಿ, ಹಿಟ್ಟಿನ ಕೈಯಲ್ಲೇ ಅವ್ವನ ಭುಜ ಹಿಡಿದು ಹೆಂಗಸರ ನಡುವೆ ಕೂರಿಸಿದಳು. "ನೋಡ್ರೆ, ಇವರ ನೋಡ್ರಿ ನಮ್ಮ ಬೀಗತಿ. ನನ್ನ ಉಡಿ ನಡುವಿಗೆ ಕಟ್ಕೊಂಡು ಸಮುದ್ರ ದಾಟಿದಾಕಿ. ಸ್ವಂತ ಅಕ್ಕ ತಂಗಿ ಮಾಡೂದಿಲ್ಲ ಹಂಗ."

"ವಿಮಾನದಾಗ ಕುಂದ್ರಾಕ ತ್ರಾಸ ಆಗಲಿಲ್ಲೇನ್ರೀ ಗಂಟು?" ಅಂದಳು ರೊಟ್ಟಿ ಬಡಿಯುವ ಒಬ್ಬಳು.

"ಇಲ್ಲ," ಅಂದಳು ಅವ್ವ.

"ಒಳಗ ಬರ್ರಿ ಬೀಗತ್ಯಾರ, ಒಂದು ಮಾತಿತ್ತು," ಅಂದಳು ಅವ್ವ ಸ್ವಲ್ಪ ಹೊತ್ತಿನ ಮೇಲೆ.

"ಇಲ್ಲೇ ಹೇಳ್ರಿ. ಇಲ್ಲಿ ಯಾರ ಅದಾರ ಹೊರಗಿನವ್ರು?"

ನಾಲ್ಕೂ ರೊಟ್ಟಿಯ ಸಪ್ಪಳ ಒಟ್ಟಿಗೆ ನಿಂತಿತು. ಅವ್ವನ ತುಟಿ ಅಲುಗಿತು. ನಾನು ನೆಲ ನೋಡಿದೆ.

"ರೊಟ್ಟಿ ಭಾಳ ಆದ್ವೇನೋ ಅಂತ," ಅಂದಳು.

ಎಲ್ಲರೂ ನಕ್ಕರು. ಹೊಳಿಯವ್ವ ಎಲ್ಲರಿಗಿಂತ ಜೋರಾಗಿ ನಕ್ಕು ನಮಗೆ ಊಟಕ್ಕೆ ಹಾಕಿದಳು. ಹೋಳಿಗೆಯ ಮೇಲೆ ತುಪ್ಪ ಸುರಿದು, ಅವ್ವನ ಕಿವಿಯ ಹತ್ತಿರ ಬಂದು ದನಿ ತಗ್ಗಿಸಿದಳು. "ಐಶ್ವರ್ಯಾಗ ಬಿ.ಪಿ. ಅಂತ ಕೇಳಿದಾಗಿಂದ ಸೋಮವಾರ ಸೋಮವಾರ ಉಪಾಸ ಇದ್ನಿರಿ ನಾ. ಮನ್ಯಾಗ ಯಾರಿಗೂ ಗೊತ್ತಿಲ್ಲ. ನೀವ ಹುಗ್ಗಿ ಉಣಿಸೇವಿ ಅಂದ್ರಲ್ಲ, ಅವತ್ತ ನಿದ್ದಿ ಹತ್ತಿತು ನನಗ."

ಅವ್ವ ಹೋಳಿಗೆಯನ್ನು ನುಂಗಲು ನೀರು ಕುಡಿದಳು. ಪಾಪ, ಎರಡು ಲೋಟ ಕುಡಿದಳು.

ಮರಳಿ ಬರುವಾಗ ಬಸ್ಸಿನಲ್ಲಿ ಕೇಳಿದೆ. "ಯಾಕ ಹೇಳಲಿಲ್ಲ?"

"ತುಪ್ಪ ಹಾಕಾಕತ್ತಿದ್ಲು," ಅಂದಳು ಅವ್ವ. "ತುಪ್ಪ ಹಾಕೂ ಕೈ ಹಿಡಿದು ಹೆಂಗ ಹೇಳೂದು?"

ಮುಂದಿನ ಎರಡು ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಒಂದು ಕಡೆ ಕೂರಲಿಲ್ಲ. ಪೇಟೆಗೆ ಮೆಣಸಿನಕಾಯಿಯ ಆವಕ ಜೋರಿತ್ತು. ಅಪ್ಪ ಚೀಲದ ಕಟ್ಟುಗಳ ನಡುವೆ ಓಡಾಡಿ ಬಂದು ಎರಡು ತುತ್ತು ತಿಂದು ಹೋಗುತ್ತಿದ್ದ. ಆಯಿ ದೇವರ ಮುಂದೆ ದಿನಾ ಒಂದು ಹಿಡಿ ಅಕ್ಕಿ ತೆಗೆದಿಡತೊಡಗಿದಳು. ಯಾಕೆ ಎಂದರೆ, ಹೋದ ಉಡಿಗೆ ಬದಲಿಗೆ ಅನ್ನುತ್ತಿದ್ದಳು. ಅಣ್ಣ ಒಂದು ಕಾಗದದ ಮೇಲೆ ಕನ್ನಡದಲ್ಲಿ ಎಲ್ಲ ಬರೆದು, ಹೊಳಿಯವ್ವನಿಗೆ ಟಪಾಲಿನಲ್ಲಿ ಹಾಕಿಬಿಡೋಣ, ಯಾರು ಬರೆದರೆಂದು ಗೊತ್ತಾಗುವುದಿಲ್ಲ ಅಂದ. ಅವ್ವ ಅದನ್ನು ಒಲೆಗೆ ಹಾಕಿದಳು. ರವಿವಾರ ಫೋನು ಬಂತು. ಈ ಸಲ ಅಕ್ಕ.

"ಹೇಳಿದೇನವ್ವಾ?"

"ಇಲ್ಲವ್ವಾ."

"ಹೇಳಬ್ಯಾಡ. ಬೇಕಾದ್ರ ದಂಡ ಬೀಳಲಿ. ನಾನೂ ಸುಳ್ಳ ಹೇಳೇನಿ ಅಂತ ಗೊತ್ತಾದ್ರ ಅತ್ತಿ ನನ್ನ ಇಡೂದಿಲ್ಲ ನೋಡು." ಹಿಂದೆ ಕೂಸು ಅಳುತ್ತಿತ್ತು. ಅದಕ್ಕಿಂತ ಹಿಂದೆ ಮಾಮಾನ ದನಿ ಕೇಳಿಸಿತು, ಹೇಳಲೇಬೇಕು ಎಂದು. ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡಿದರು. ಫೋನು ಕಡಿಯಿತು. ಅವ್ವ ರಿಸೀವರ್ ಹಿಡಿದುಕೊಂಡೇ, "ಹಲೋ, ಹಲೋ," ಎಂದು ಕರೆಯುತ್ತಿದ್ದಳು.

ಹೊಳಿಯವ್ವ ಹೊರಡುವ ದಿನ ಮುಂಜಾನೆ ನಾವೆಲ್ಲ ರಾಣೆಬೆನ್ನೂರಿನಲ್ಲಿದ್ದೆವು. ಆಯಿ ಮಾತ್ರ ಬರಲಿಲ್ಲ, ನಾನು ಆ ಉಡಿಯ ಮುಂದೆ ನಿಲ್ಲಲಾರೆ ಅಂದಳು. ಬೆಂಗಳೂರಿಗೆ ಹೋಗಲು ಬಾಡಿಗೆಯ ಸುಮೋ ಬಂದು ನಿಂತಿತ್ತು. ಹತ್ತು ಗಂಟೆಗೆ ಬಿಡಬೇಕು. ಹೊಳಿಯವ್ವನ ಗಂಡ, ಬೀಗರು ಪರಮೇಶಪ್ಪ, ಅವಳ ಪಾಸಪೋರ್ಟನ್ನು ಜೇಬಿನಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಳ್ಳುತ್ತಿದ್ದರು.

ಹೊಳಿಯವ್ವ ಹೊಸ ಇಳಕಲ್ ಸೀರೆಯುಟ್ಟು ಮಣೆಯ ಮೇಲೆ ಕುಳಿತಿದ್ದಳು. ದೂರ ಹೊರಟ ಮುತ್ತೈದೆಗೆ ಉಡಿ ತುಂಬಿಯೇ ಕಳಿಸಬೇಕು. "ಮೊದಲ ಬೀಗತ್ಯಾರ ತುಂಬಲಿ," ಅಂದಳು. "ಅವರ ಕೈಗುಣ ಗೊತ್ತಾಗೇತಿ."

ಅವ್ವ ಎದುರಿಗೆ ಮಂಡಿಯೂರಿದಳು. ದ್ರಾಕ್ಷಾಯಿಣಿ ಅಕ್ಕಿಯ ಬುಟ್ಟಿ ಹಿಡಿದಳು. ಹೊಳಿಯವ್ವ ಸೆರಗು ಒಡ್ಡಿದಳು. ಅವ್ವ ಒಂದು ಹಿಡಿ ಹಾಕಿದಳು. ಎರಡು. ಮೂರನೆಯ ಹಿಡಿ ತುಂಬಿಕೊಂಡಳು, ಹಾಕಲಿಲ್ಲ.

"ಯಾಕ್ರಿ?" ಅಂದಳು ಹೊಳಿಯವ್ವ ನಗುತ್ತ. "ಎಣಿಕಿ ತಪ್ಪಿತೇನು?"

"ಬೀಗತ್ಯಾರ, ಆ ಉಡಿ ಮನಿ ಮುಟ್ಟಿಲ್ರಿ."

"ಯಾವ ಉಡಿ?"

"ನೀವ ಕಟ್ಟಿ ಕೊಟ್ಟಿದ್ದು. ವಿಮಾನ ಇಳಿದ ಕೂಡಲೆ ತೊಗೊಂಡ್ರು. ನಾ ಚೀಟಿಯೊಳಗ ತಿನ್ನೂದು ಇಲ್ಲ ಅಂತ ಬರಿಸಿದ್ನಿ. ಉಡಿ ಅಂದ್ರ ತಿನ್ನೂದು ಅಂತ ನನ್ನ ತಲ್ಯಾಗ ಬರಲಿಲ್ರಿ. ನಾಯಿ ಹಿಡೀತು. ನಿಮ್ಮ ಮಗ ಬಂದು ದಂಡ ಕಟ್ಟಿ ನನ್ನ ಬಿಡಿಸ್ಕೊಂಡು ಹೋದ್ರು."

ಹೊಳಿಯವ್ವ ಸೆರಗು ಹಿಡಿದೇ ಇದ್ದಳು. "ಹುಗ್ಗಿ?"

"ಮಾಡಿಲ್ರಿ."

"ಬಟ್ಟಲ ನೆಕ್ಕಿದ್ಲು ಅಂದ್ರಲ್ಲ."

"ಅಂದ್ನಿ."

"ಐಶ್ವರ್ಯಾನೂ ಉಂಡೆ ಅಂದ್ಲಲ್ಲ. ನನ್ನ ಮಗ್ಗಲಕ ಕುಂತು ಹೇಳಿದಂಗ ಹೇಳಿದ್ಲಲ್ಲ!"

"ನಾನ ಹೇಳ್ಸೇನಿ," ಅಂದಳು ಅವ್ವ. "ಅಕಿ ಬ್ಯಾಡ ಅಂದ್ಲು, ಹೇಳೇ ಬಿಡೂಣು ಅಂದ್ಲು. ನಾನ ಕೇಳಲಿಲ್ಲ. ಕೈ ಹಿಡಿದು ಹೇಳ್ಸೇನಿ."

ಇದು ನಿಜವಲ್ಲ ಎಂದು ಆ ಕೋಣೆಯಲ್ಲಿ ನನಗೂ ಅವಳಿಗೂ ಮಾತ್ರ ಗೊತ್ತಿತ್ತು. ಅವ್ವ ನನ್ನ ಕಡೆ ನೋಡಲಿಲ್ಲ. ಅವಳ ಹಿಡಿಯಿಂದ ಅಕ್ಕಿ ಸ್ವಲ್ಪ ಸ್ವಲ್ಪವೇ ನೆಲಕ್ಕೆ ಉದುರುತ್ತಿತ್ತು.

"ಊರ ತುಂಬ ಹೇಳ್ಕೊಂಡ ಬಂದೇನಲ್ಲ ನಾ," ಅಂದಳು ಹೊಳಿಯವ್ವ. ಯಾರಿಗೆ ಅಂದಳೋ ಗೊತ್ತಾಗಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ರೊಟ್ಟಿಯ ಹೆಂಗಸರಲ್ಲಿ ಒಬ್ಬಳು ಮೆಲ್ಲಗೆ ಹೊರಗೆ ಸರಿದಳು.

"ಮೊದಲ ಯಾಕ ಹೇಳಲಿಲ್ರಿ ಅತ್ತಿ?" ಅಂದ ಯುವರಾಜ. "ಸುಮೋ ಬಂದು ನಿಂತ ಮ್ಯಾಲ ಹೇಳ್ತೀರಲ್ಲ."

"ತಪ್ಪಾತಪಾ."

"ಸೂಟಕೇಸ ತೆಗಿ," ಅಂದಳು ಹೊಳಿಯವ್ವ.

"ಅವ್ವಾ, ಹೊತ್ತಾಗೇತಿ..."

"ತೆಗಿ ಅಂದೆ."

ಅವನು ಸೂಟಕೇಸು ಬಿಚ್ಚಿದ. ಹೊಳಿಯವ್ವ ಕುಳಿತಲ್ಲಿಂದಲೇ ಒಂದು ಕೈಯಲ್ಲಿ ಸೆರಗು ಹಿಡಿದು, ಇನ್ನೊಂದು ಕೈಯಿಂದ ತೋರಿಸಿದಳು. ಅದು, ಅದು, ಅದೂ. ರೊಟ್ಟಿ ಹೊರಗೆ ಬಂತು. ಚಟ್ನಿ ಪಾಕೀಟುಗಳು ಬಂದವು. ಬೇವಿನ ಎಲೆ ಬಂತು. ನಾವು ತೊಟ್ಟು ಬಿಡಿಸಿದ ಕಾಯಿಯ ಖಾರದ ಪುಡಿಯೂ ಬಂತು. ಅದನ್ನು ಮಾತ್ರ ಅವಳು ಅವ್ವನ ಮುಂದೆ ಇಡಿಸಿದಳು.

ಅಣ್ಣ ತಡೆಯಲಾರದೆ ಮುಂದೆ ಬಂದ. "ಅತ್ತಿ, ಪಾಕೀಟು ಮಾಡಿದ್ದು ಬಿಟ್ಟರೂ ಬಿಡ್ತಾರ್ರಿ. ಐತಿ ಅಂತ ಬರದ್ರ ಸಾಕು. ನಾ ಎಲ್ಲಾ ಓದೇನಿ..."

"ನೀ ಸುಮ್ನಿರೋ," ಅಂದ ಅಪ್ಪ.

ಕೊನೆಗೆ ಸೂಟಕೇಸಿನಲ್ಲಿ ಉಳಿದದ್ದು ಸೀರೆಗಳು, ಕೂಸಿಗೆ ಹೊದಿಸುವ ಕೌದಿ, ಒಂದು ಜೊತೆ ಬೆಳ್ಳಿಯ ಕಡಗ. ಹೊಳಿಯವ್ವ ಎದ್ದು ನಿಂತಳು. ಸೆರಗಿನಲ್ಲಿದ್ದ ಎರಡು ಹಿಡಿ ಅಕ್ಕಿಯನ್ನು ಚೆಲ್ಲಬಹುದು ಅಂದುಕೊಂಡೆ. ಚೆಲ್ಲಲಿಲ್ಲ. ಗಂಟು ಹಾಕಿ ನಡುವಿಗೆ ಸಿಕ್ಕಿಸಿಕೊಂಡಳು. ಉಳಿದ ಮೂರು ಹಿಡಿ ತುಂಬಲು ದ್ರಾಕ್ಷಾಯಿಣಿ ಬುಟ್ಟಿ ತಂದರೆ, ಸಾಕು ಎಂದು ಕೈ ಅಡ್ಡ ಮಾಡಿದಳು.

"ಇದನ್ನ ಬಿಡೂದಿಲ್ಲ ನಾ," ಅಂದಳು.

"ಬಿಡಬ್ಯಾಡ್ರಿ," ಅಂದಳು ಅವ್ವ. "ಹಿಡ್ಕೊಂಡ ಹೋಗ್ರಿ. ಕೇಳಿದ್ರ ಐತಿ ಅನ್ರಿ, ಅಷ್ಟ."

ಹೊಳಿಯವ್ವ ಅವ್ವನ ಪಕ್ಕದಿಂದಲೇ ಹಾದು ದೇವರಿಗೆ ಕೈ ಮುಗಿದು ಹೊರಗೆ ನಡೆದಳು. ಪರಮೇಶಪ್ಪ, ಯುವರಾಜ ಹಿಂದಿನಿಂದ ಹೋದರು. ಹಗುರಾದ ಸೂಟಕೇಸನ್ನು ಡ್ರೈವರು ಒಂದೇ ಕೈಯಲ್ಲಿ ಎತ್ತಿ ಮೇಲೆ ಹಾಕಿದ. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಹೊಳಿಯವ್ವ ಮುಂದಿನ ಸೀಟಿನಲ್ಲಿ ಕುಳಿತು ನೇರ ರಸ್ತೆ ನೋಡುತ್ತಿದ್ದಳು.

ಅವ್ವ ಬರಿಗಾಲಿನಲ್ಲಿ ಇಳಿದು ಹೋಗಿ ಕಿಟಕಿಯ ಅಂಚು ಹಿಡಿದಳು. ಸೆರಗು ಜಾರಿದ್ದನ್ನೂ ಸರಿಮಾಡಿಕೊಳ್ಳಲಿಲ್ಲ.

"ಬೀಗತ್ಯಾರ," ಅಂದಳು. "ನನಗ ಏನ ಬೇಕಾದ್ರೂ ಅನ್ರಿ. ಐಶ್ವರ್ಯಾಗ ಏನೂ ಅನಬ್ಯಾಡ್ರಿ."

ಡ್ರೈವರು ಗಾಡಿ ಚಾಲು ಮಾಡಿದ. ಯುವರಾಜ ಗಡಿಯಾರ ನೋಡಿದ. ಪರಮೇಶಪ್ಪ ಮತ್ತೊಮ್ಮೆ ಪಾಸಪೋರ್ಟು ತೆಗೆದು ನೋಡಿದರು.

"ಅಕಿಗೆ ಏನೂ ಅನಬ್ಯಾಡ್ರಿ," ಅಂದಳು ಅವ್ವ.